62 ಪರ್ಸೆಂಟಿಗೆ ನಿಂತ ಸಿಡಿ

ಈ ಸಲದ ನಮ್ಮ ಲೇಖನ ಸಿಡಿ ಬಗ್ಗೆ. ಹೌದು, ಅದೇ ದುಂಡಗಿನ, ಹೊಳೆಯುವ ತಟ್ಟೆ. ‘ಈಗ ಯಾರ ಲ್ಯಾಪ್‌ಟಾಪಲ್ಲಿ ಸಿಡಿ ಡ್ರೈವ್ ಇದೆ?’ ಅಂತ ನೀವು ಕೇಳಬಹುದು. ನಮ್ಮ ನಾಲ್ವರ ಲ್ಯಾಪ್‌ಟಾಪಲ್ಲೂ ಇಲ್ಲ. ಆದರೂ ಈ ರಜೆಯಲ್ಲಿ ಒಂದು ಹಳೇ ಸಿಡಿ ನಮ್ಮನ್ನು ಮೂರು ದಿನ ಕೂರಿಸಿಕೊಂಡಿತು. ಕ್ಲಾಸಲ್ಲಿ ಇಂಟರ್ನಲ್ಸ್‌ಗೋಸ್ಕರ ಓದಿ ಮರೆತಿದ್ದ ವಿಷಯಗಳು ಆಗ ನಿಜವಾಗಿ ಅರ್ಥ ಆದವು.

ನಮ್ಮ ಗುಂಪಲ್ಲಿ ಒಬ್ಬನ ಊರು ಮಾಸ್ತಿಕಟ್ಟೆ, ಹೊಸನಗರ ತಾಲೂಕು. ತೀರ್ಥಹಳ್ಳಿಯಿಂದ ಕುಂದಾಪುರದ ಬಸ್ ಹತ್ತಿದರೆ ಯಡೂರು ದಾಟಿದ ಮೇಲೆ, ಹುಲಿಕಲ್ ಘಾಟಿ ಇಳಿಯುವ ಮುಂಚೆ ಸಿಗುತ್ತೆ. ಕರ್ನಾಟಕ ವಿದ್ಯುತ್ ನಿಗಮದ ಕಾಲೊನಿ ಇರುವ ಊರು. ಮಾಣಿ ಅಣೆಕಟ್ಟಿನ ನೀರು ಘಟ್ಟದ ಕೆಳಗೆ, ನೆಲದೊಳಗೆ ಕಟ್ಟಿರುವ ವಾರಾಹಿ ಪವರ್‌ಹೌಸಿಗೆ ಹೋಗುತ್ತೆ. ಅದರ ಸಾಮರ್ಥ್ಯ 460 ಮೆಗಾವಾಟ್. ಮಳೆ ಬಗ್ಗೆ ಹೇಳೋದೇ ಬೇಡ. ಪಕ್ಕದ ಹುಲಿಕಲ್ ಇಡೀ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಚೌತಿ ಹಬ್ಬಕ್ಕೆ ನಾವು ಹೋಗಿದ್ದ ನಾಲ್ಕು ದಿನವೂ ಸೂರ್ಯ ಕಾಣಲಿಲ್ಲ. ತೋಟ ನೋಡೋಕೆ ಅಂತ ಹೊರಟು ಇಂಬಳ ಕಚ್ಚಿಸಿಕೊಂಡು ವಾಪಸ್ ಬಂದ್ವಿ.

ಹೊರಗೆ ಹೋಗೋಕಾಗದೆ ಕೂತಿದ್ದಾಗ ಗೆಳೆಯನ ದೊಡ್ಡಪ್ಪನ ಮಗಳು ಹಳೇ ಟ್ರಂಕಿಂದ ಒಂದು ತಗಡಿನ ಡಬ್ಬ ತಂದರು. ಅವರು ಈಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ, ಹಬ್ಬಕ್ಕೆ ಬಂದಿದ್ದರು. ನಾವೆಲ್ಲ ಅಕ್ಕ ಅಂತಲೇ ಕರೀತೀವಿ. ಡಬ್ಬದಲ್ಲಿ ಎರಡು ಸಿಡಿ, ಒಂದು ಪ್ರಿಂಟ್ ಮಾಡಿದ ಪತ್ರ, ಒಂದು ಮಡಚಿದ ಚೀಟಿ ಇದ್ದವು.

ಅಕ್ಕ ಹೇಳಿದ ಕಥೆ ಇಷ್ಟು. 2006, ಅವರು ಎಂಟನೇ ಕ್ಲಾಸು. ಶಿವಮೊಗ್ಗದ ಒಂದು ಪುಸ್ತಕ ಮಳಿಗೆಯಲ್ಲಿ ಗಣಿತ ಮತ್ತು ವಿಜ್ಞಾನದ ಪಾಠ ಇರುವ ಕನ್ನಡ ಸಾಫ್ಟ್‌ವೇರ್ ಸಿಡಿ ಸಿಕ್ಕಿತು. ಇನ್ನೂರು ರೂಪಾಯಿ ಹತ್ತಿರ. ಹಠ ಮಾಡಿ ತಗೊಂಡರು. ಮನೆಗೆ ಬಂದು ಹೊಸ ಕಂಪ್ಯೂಟರಿಗೆ ಹಾಕಿದರೆ ಇನ್‌ಸ್ಟಾಲೇಶನ್ 62 ಪರ್ಸೆಂಟಿಗೆ ಬಂದು ನಿಂತುಹೋಯಿತು. ಹತ್ತು ಸಲ ಹಾಕಿದರೂ ಅಷ್ಟೇ. ಆಮೇಲೆ ಕಂಪ್ಯೂಟರೇ ನಿಧಾನ ಆದ ಹಾಗೆ ಅನ್ನಿಸಿತಂತೆ. ದೊಡ್ಡಪ್ಪನಿಗೆ ಸಿಟ್ಟು ಬಂತು. ಸಾಲ ಮಾಡಿ ತಂದ ಕಂಪ್ಯೂಟರನ್ನ ಎಂತ ಸಿಡಿಯೋ ಹಾಕಿ ಹಾಳು ಮಾಡಿದೆ ಅಂತ ಬೈದು, ಅಕ್ಕ ಕಂಪ್ಯೂಟರ್ ಮುಟ್ಟೋದನ್ನೇ ನಿಲ್ಲಿಸಿದರು.

ಅಕ್ಕ ಪ್ರಕಾಶಕರಿಗೆ ಪತ್ರ ಬರೆದರು. ಅದೊಂದು ಸಣ್ಣ ಸಂಸ್ಥೆ, ಹೆಸರು ಇಲ್ಲಿ ಬೇಡ. ಮೂರು ವಾರ ಆದ ಮೇಲೆ ಪ್ರಿಂಟ್ ಮಾಡಿದ ಪತ್ರ ಬಂತು. ಮೂಲ ಸಿಡಿ ಮತ್ತು ಬಿಲ್ಲನ್ನ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಬೇಕು, ಬಳಸಿದವರ ಕಡೆಯಿಂದ ಹಾಳಾಗಿದ್ದರೆ ಬದಲಿ ಕೊಡೋದಿಲ್ಲ ಅಂತ ಅದರಲ್ಲಿತ್ತು. ಕಳಿಸಿದರು. ಎರಡನೇ ಸಿಡಿ ಬಂತು. ಅದೂ 62ಕ್ಕೆ ನಿಂತಿತು. ಈ ಸಲ ಅಕ್ಕ ಅದನ್ನ ಶಾಲೆಯ ಕಂಪ್ಯೂಟರಲ್ಲೂ ಹಾಕಿ ನೋಡಿದರು. ಅಲ್ಲೂ 62! ಇಷ್ಟನ್ನೂ ಬರೆದು ಇನ್ನೊಂದು ಪತ್ರ ಹಾಕಿದರು. ಮೂರನೇ ಸಿಡಿ ಜೊತೆ ಒಂದು ಚೀಟಿ ಬಂತು.

ಚೀಟೀಲಿ ಏನಿದೆ ಅಂತ ಕೇಳಿದ್ದಕ್ಕೆ ಅಕ್ಕ ಕೊಡಲಿಲ್ಲ. ‘ಇಂಜಿನಿಯರಿಂಗ್ ಓದ್ತಿದೀರಲ್ಲ ಮಾರಾಯ್ರೆ, ತಪ್ಪು ಯಾರದ್ದು ಅಂತ ಸಿಡಿ ನೋಡಿ ನೀವೇ ಹೇಳಿ’ ಅಂದರು. ಡಬ್ಬದಲ್ಲಿದ್ದಿದ್ದು ಎರಡನೇ ಮತ್ತು ಮೂರನೇ ಸಿಡಿ. ಎರಡನ್ನೂ ತಗೊಂಡು ಹಾಸ್ಟೆಲಿಗೆ ಬಂದ್ವಿ.

ಸಿಡಿ ಒಳಗೆ ಏನಿರುತ್ತೆ?

ಸಿಡಿ ಅಂದರೆ 120 ಮಿಲಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ತಟ್ಟೆ. ಇದರ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ಅದರ ಮೇಲೆ ತೆಳು ಅಲ್ಯೂಮಿನಿಯಂ ಪದರ, ಅದರ ಮೇಲೆ ಲ್ಯಾಕರ್, ಅದರ ಮೇಲೆ ಲೇಬಲ್. ಡ್ರೈವಿನ ಲೇಸರ್ ಕೆಳಗಿನಿಂದ ಬಂದು, ಪ್ಲಾಸ್ಟಿಕ್ ದಾಟಿ, ಈ ಪದರಕ್ಕೆ ತಾಗಿ ವಾಪಸ್ ಬರುತ್ತೆ. ಗುಳಿ ಇದ್ದಲ್ಲಿ ಬೆಳಕು ಕಮ್ಮಿ, ಇಲ್ಲದಲ್ಲಿ ಜಾಸ್ತಿ. ಈ ವ್ಯತ್ಯಾಸವೇ ನಮ್ಮ ಡೇಟಾ. ಸುರುಳಿಯ ಸುತ್ತುಗಳ ನಡುವೆ ಇರೋ ಅಂತರ ಬರೀ 1.6 ಮೈಕ್ರೋಮೀಟರ್.

ನಾವೆಲ್ಲ ಸಿಡಿಯ ಹೊಳೆಯುವ ಕೆಳಭಾಗಕ್ಕೆ ಗೀರು ಬೀಳಬಾರದು ಅಂತ ಹುಷಾರಾಗಿರ್ತೀವಿ. ಆದರೆ ಲೇಬಲ್ ಕಡೆಯ ಗೀರು ಇನ್ನೂ ಅಪಾಯ. ಕೆಳಗೆ ಒಂದು ಮಿಲಿಮೀಟರಿಗಿಂತ ದಪ್ಪದ ಪ್ಲಾಸ್ಟಿಕ್ ಕಾವಲಿದೆ. ಮೇಲೆ ಲ್ಯಾಕರ್ ಒಂದೇ.

ಇಷ್ಟು ಸೂಕ್ಷ್ಮ ಇದ್ದರೂ ಸಣ್ಣಪುಟ್ಟ ಗೀರಿಗೆ ಸಿಡಿ ಕೆಡೋದಿಲ್ಲ. ಯಾಕೆ? ಎರರ್ ಕರೆಕ್ಷನ್. ಡೇಟಾ ಸಿಡಿಯ ಒಂದು ಸೆಕ್ಟರಲ್ಲಿ 2352 ಬೈಟ್ ಇದ್ದರೆ ನಮ್ಮ ಡೇಟಾಗೆ ಸಿಗೋದು 2048 ಮಾತ್ರ. ಉಳಿದ 304 ಬೈಟಲ್ಲಿ ವಿಳಾಸ, ತಪ್ಪು ಪತ್ತೆ ಮಾಡೋ ಕೋಡ್ ಮತ್ತು ತಪ್ಪು ತಿದ್ದೋ ಕೋಡ್ ಇರುತ್ತವೆ. ತಿದ್ದೋಕಾಗದಷ್ಟು ಹಾಳಾದಾಗ ಡ್ರೈವ್ ಕೈ ಎತ್ತುತ್ತೆ. ಆಗ ವಿಂಡೋಸ್ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಅಂತ ಮೆಸೇಜ್ ಕೊಡುತ್ತೆ. ನಾವು ಪೇಪರ್ ಮೇಲೆ ಭಾಗಾಕಾರ ಮಾಡಿ ಮಾರ್ಕ್ಸ್ ತಗೊಳ್ಳೋ ಸಿಆರ್‌ಸಿ ಇದೇ.

ಇನ್ನೊಂದು ವಿಷಯ. ಸಾವಿರಾರು ಪ್ರತಿ ಬೇಕಾದ ದೊಡ್ಡ ಸಂಸ್ಥೆಗಳು ಫ್ಯಾಕ್ಟರಿಯಲ್ಲಿ ಅಚ್ಚು ಒತ್ತಿಸ್ತಾರೆ. ಕಡಿಮೆ ಪ್ರತಿ ಬೇಕಾದ ಸಣ್ಣವರು ಖಾಲಿ ಸಿಡಿ-ಆರ್ ತಂದು ತಾವೇ ರೈಟ್ ಮಾಡ್ತಾರೆ. ಸಿಡಿ-ಆರ್‌ನಲ್ಲಿ ಗುಳಿ ಬದಲು ಒಂದು ಬಣ್ಣದ ಪದರ ಇರುತ್ತೆ, ಲೇಸರ್ ಅದನ್ನ ಸುಟ್ಟು ಗುರುತು ಮಾಡುತ್ತೆ. ಬಿಸಿಲು, ಸೆಕೆಗೆ ಈ ಬಣ್ಣ ಕೆಡಬಹುದು. ಅಗ್ಗದ ಸಿಡಿಯನ್ನ ಅತಿ ವೇಗದಲ್ಲಿ ರೈಟ್ ಮಾಡಿದ್ದರೆ ಕೆಲವು ಹಳೇ ಡ್ರೈವುಗಳು ಅದನ್ನ ಓದೋಕೆ ಒದ್ದಾಡುತ್ತವೆ.

ಮಲೆನಾಡಿನ ತೇವದ್ದೇ ತಪ್ಪಾ?

ನಮಗೆ ಮೊದಲು ಬಂದ ಅನುಮಾನ ಮಳೆ ಮೇಲೆ. ಇದು ತಮಾಷೆ ಅಲ್ಲ. ಮಧ್ಯ ಅಮೆರಿಕದ ಬೆಲೀಜ್ ದೇಶದ ಸೆಕೆ ಮತ್ತು ತೇವದಲ್ಲಿ ಕೆಟ್ಟ ಒಂದು ಸಿಡಿಯನ್ನ ಸ್ಪೇನಿನ ವಿಜ್ಞಾನಿಗಳು ಪರೀಕ್ಷೆ ಮಾಡಿ, ಒಂದು ಜಾತಿಯ ಬೂಷ್ಟು ಅಂಚಿನಿಂದ ಒಳಗೆ ಹೊಕ್ಕು ಪದರವನ್ನೇ ತಿಂದಿದೆ ಅಂತ 2001ರಲ್ಲಿ ಹೇಳಿದ್ದರು. ಮಾಸ್ತಿಕಟ್ಟೆಯಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಪುಸ್ತಕದ ಬೈಂಡಿಗೂ ಬೂಷ್ಟು. ಸಿಡಿ ಯಾವ ಲೆಕ್ಕ?

ಆದರೆ ತೇವದಿಂದ ಕೆಡೋಕೆ ಸಮಯ ಬೇಕು. ಅಂಗಡಿಯಿಂದ ತಂದ ದಿನವೇ 62ಕ್ಕೆ ನಿಂತ ಸಿಡಿಗೆ ಈ ವಾದ ಹೊಂದೋದಿಲ್ಲ. ಹಾಗಾಗಿ ಸಿಡಿ ‘ಕೆಟ್ಟಿದೆ’ ಅಂದರೆ ಎಷ್ಟು ಥರ ಇರಬಹುದು ಅಂತ ನಾವು ಬರೆದುಕೊಂಡ್ವಿ.

ಒಂದು, ಗ್ರಾಹಕರ ಡ್ರೈವೇ ಸರಿ ಇಲ್ಲ. ಲೆನ್ಸ್ ಮೇಲೆ ಧೂಳು ಕೂತಿದೆ. ಹಾಗಿದ್ದರೆ ಅವರ ಮನೇಲಿರೋ ಬೇರೆ ಸಿಡಿಗಳೂ ತೊಂದರೆ ಕೊಡಬೇಕು, ಇದೇ ಸಿಡಿ ಬೇರೆ ಕಂಪ್ಯೂಟರಲ್ಲಿ ಓಡಬೇಕು.

ಎರಡು, ದಾರೀಲಿ ಹಾಳಾಗಿದೆ. ಅಂಚೆಯಲ್ಲಿ ಬಿರುಕು ಬಿಟ್ಟಿದೆ ಅಥವಾ ಗೀರಿದೆ. ಇದು ಕಣ್ಣಿಗೇ ಕಾಣುತ್ತೆ.

ಮೂರು, ಖಾಲಿ ಸಿಡಿಯ ಗುಣಮಟ್ಟ ಕಮ್ಮಿ ಅಥವಾ ರೈಟಿಂಗ್ ಸರಿಯಾಗಿಲ್ಲ. ಆಗ ಒಂದೊಂದು ಪ್ರತಿ ಒಂದೊಂದು ಜಾಗದಲ್ಲಿ ನಿಲ್ಲುತ್ತೆ. ಒಬ್ಬರಿಗೆ 20 ಪರ್ಸೆಂಟ್, ಇನ್ನೊಬ್ಬರಿಗೆ 85.

ನಾಲ್ಕು, ಮಾಸ್ಟರ್ ಕಾಪಿಯೇ ತಪ್ಪು. ಆಗ ಪ್ರತಿ ಸಿಡಿಯೂ ಎಲ್ಲ ಕಂಪ್ಯೂಟರಲ್ಲೂ ಒಂದೇ ಜಾಗದಲ್ಲಿ ನಿಲ್ಲುತ್ತೆ. ಇದರಲ್ಲಿ ಸಿಡಿ ಕೆಟ್ಟೇ ಇಲ್ಲ! ತಪ್ಪು ಡೇಟಾವನ್ನ ಸಿಡಿ ಬಹಳ ಸರಿಯಾಗಿ ಇಟ್ಟುಕೊಂಡಿದೆ, ಅಷ್ಟೇ.

ಅಕ್ಕನ ಪತ್ರದಲ್ಲೇ ಉತ್ತರ ಇತ್ತು ಅಂತ ಈಗ ಗೊತ್ತಾಯ್ತಲ್ವಾ? ಎರಡು ಸಿಡಿ, ಎರಡು ಕಂಪ್ಯೂಟರ್, ಒಂದೇ 62.

ನಾವು ಮಾಡಿದ ಪರೀಕ್ಷೆ

ಆದರೂ ಸಾಕ್ಷಿ ಬೇಕಲ್ಲ. ಸೀನಿಯರ್ ಒಬ್ಬರ ಹತ್ತಿರ ಯುಎಸ್‌ಬಿ ಡಿವಿಡಿ ಡ್ರೈವ್ ಇಸ್ಕೊಂಡ್ವಿ. ಮೆತ್ತನೆ ಬಟ್ಟೇಲಿ ಸಿಡಿಗಳನ್ನ ಒರೆಸಿದ್ವಿ. ಒರೆಸುವಾಗ ಗುಂಡಗೆ ಸುತ್ತಬಾರದು, ನಡುವಿನಿಂದ ಅಂಚಿನ ಕಡೆಗೆ ನೇರ ಎಳೀಬೇಕು. ಯಾಕಂದ್ರೆ ಡೇಟಾ ಸುರುಳಿಯಲ್ಲಿದೆ. ಸುತ್ತ ಗೀರಿದರೆ ಒಂದೇ ಕಡೆಯ ಸಾಲುಸಾಲು ಬೈಟ್ ಹೋಗುತ್ತವೆ, ಅಡ್ಡ ಗೀರಿದರೆ ಪ್ರತಿ ಸುತ್ತಲ್ಲೂ ಸ್ವಲ್ಪ ಮಾತ್ರ ಹೋಗುತ್ತೆ, ಅದನ್ನ ಕೋಡ್ ತಿದ್ದಿಕೊಳ್ಳುತ್ತೆ.

ಎರಡನೇ ಸಿಡಿ ಒಂದೂ ಎರರ್ ಇಲ್ಲದೆ ಪೂರ್ತಿ ಕಾಪಿ ಆಯಿತು. ಮೂರನೇದು ಸತಾಯಿಸಿತು. ಅಂಚಲ್ಲಿ ಕಲೆ ಇತ್ತು, ಮತ್ತೆ ಮತ್ತೆ ಓದಿಸಿ ರಾತ್ರಿ ಎರಡು ಗಂಟೆಗೆ ಮುಗೀತು. ಆಮೇಲೆ ಎರಡರ ಪ್ರತಿ ಫೈಲಿಗೂ ಹ್ಯಾಶ್ ತೆಗೆದ್ವಿ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂದುಕೊಳ್ಳಿ. ಒಂದು ಬಿಟ್ ಬದಲಾದರೂ ಹ್ಯಾಶ್ ಪೂರ್ತಿ ಬೇರೆ ಬರುತ್ತೆ. ಎಲ್ಲ ಫೈಲೂ ತಾಳೆ ಆದವು, ಒಂದನ್ನ ಬಿಟ್ಟು. ಆ ಒಂದು ಫೈಲಿನ ಗಾತ್ರ ಎರಡರಲ್ಲೂ ಒಂದೇ. ತೆರೆದು ನೋಡಿದರೆ ಎರಡನೇ ಸಿಡಿಯಲ್ಲಿ ಅರ್ಧದಿಂದ ಮುಂದೆ ಬರೀ ಸೊನ್ನೆಗಳು. ಯಾರೋ ಮಾಸ್ಟರ್ ಮಾಡುವಾಗ ಕಾಪಿ ಮಧ್ಯದಲ್ಲಿ ನಿಂತಿದೆ. ಹೆಸರು ಇದೆ, ಗಾತ್ರ ಇದೆ, ಒಳಗೆ ಏನೂ ಇಲ್ಲ.

ಅಕ್ಕನಿಗೆ ಫೋನ್ ಮಾಡಿದ್ವಿ. ಆಗ ಚೀಟಿಯ ಫೋಟೋ ಕಳಿಸಿದರು. ನೀಲಿ ಪೆನ್ನಲ್ಲಿ, ದುಂಡಗಿನ ಅಕ್ಷರದಲ್ಲಿ ಯಾರೋ ಒಬ್ಬರು ಬರೆದಿದ್ದರು. ತಪ್ಪು ನಮ್ಮ ಮಾಸ್ಟರಿನದ್ದೇ, ಎರಡು ಸಲ ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ, ನಿಮ್ಮ ಕಂಪ್ಯೂಟರಿಗೆ ಏನೂ ಆಗಿಲ್ಲ, ಸಿಡಿ ವಾಪಸ್ ಕಳಿಸೋದು ಬೇಡ ಅಂತ. ಆ ಚೀಟಿಯನ್ನ ಅಕ್ಕ ದೊಡ್ಡಪ್ಪನ ಮುಂದೆ ಇಟ್ಟಿದ್ದರಂತೆ. ದೊಡ್ಡಪ್ಪ ಓದಿ, ಏನೂ ಮಾತಾಡದೆ, ಕಂಪ್ಯೂಟರ್ ಮೇಲೆ ಹಾಕಿದ್ದ ಬಟ್ಟೆ ತೆಗೆದರಂತೆ.

ಪ್ರಕಾಶಕರ ಕುರ್ಚಿಯಲ್ಲಿ ಕೂತರೆ

ಈಗ ಆ ಕಡೆಯಿಂದಲೂ ನೋಡೋಣ. ಮೂರು ನಾಲ್ಕು ಜನ ಸೇರಿ ಸಾಫ್ಟ್‌ವೇರ್ ಮಾಡ್ತಾರೆ. ದೂರಿನ ಪತ್ರ ಬಂದರೆ ಅವರಿಗೆ ಎರಡು ಭಯ. ಸುಳ್ಳು ಹೇಳಿ ಇನ್ನೊಂದು ಸಿಡಿ ಹೊಡೀತಾರೇನೋ ಅನ್ನೋದು ಒಂದು, ಖರ್ಚು ಇನ್ನೊಂದು. ಅದಕ್ಕೇ ಸಿಡಿ ವಾಪಸ್ ಕಳಿಸಿ, ಬಿಲ್ಲು ಕಳಿಸಿ ಅನ್ನೋ ಪತ್ರ ಹುಟ್ಟೋದು.

ಖರ್ಚಿನ ಲೆಕ್ಕ ಹಾಕೋಣ. ಇದು ನಮ್ಮ ಊಹೆಯ ಲೆಕ್ಕ. 200 ರೂಪಾಯಿಯಂತೆ 1000 ಸಿಡಿ ಮಾರಿದರೆ 2 ಲಕ್ಷ. ನೂರಕ್ಕೆ ಮೂರು ಕೆಟ್ಟವು ಅಂದುಕೊಂಡರೆ 30 ಸಿಡಿ. ಸಿಡಿ, ಕವರ್, ಅಂಚೆ ಎಲ್ಲ ಸೇರಿ ಒಂದಕ್ಕೆ 50 ರೂಪಾಯಿ ಅಂದರೂ 1500. ಒಟ್ಟು ಮಾರಾಟದಲ್ಲಿ ಒಂದು ಪರ್ಸೆಂಟೂ ಇಲ್ಲ. ಅದೇ ಗ್ರಾಹಕರ ಕಡೆ ನೋಡಿ. ಪೇಟೆಗೆ ಹೋಗಿ ಬರೋ ಬಸ್ ಚಾರ್ಜು, ರಿಜಿಸ್ಟರ್ಡ್ ಪೋಸ್ಟ್, ಒಂದು ದಿನದ ಕೆಲಸ, ಮೂರು ವಾರದ ಕಾಯುವಿಕೆ.

ಮೋಸದ ಭಯಕ್ಕೆ ಪರಿಹಾರ ಇನ್ನೂ ಸುಲಭ. ಗ್ರಾಹಕರು ದುಡ್ಡು ಕೊಟ್ಟಿದ್ದು ತಟ್ಟೆಗೆ ಅಲ್ಲ, ಅದರಲ್ಲಿರೋದನ್ನ ಬಳಸೋ ಹಕ್ಕಿಗೆ. ಆ ಹಕ್ಕನ್ನ ಒಂದು ಸೀರಿಯಲ್ ನಂಬರಿಗೆ ಕಟ್ಟಿದರೆ ಸಿಡಿ ಬರೀ ಗಾಡಿ. ಗಾಡಿ ಕೆಟ್ಟರೆ ಇನ್ನೊಂದು ಗಾಡಿ ಕಳಿಸಿದರಾಯ್ತು, ಕೀ ಒಂದೇ ಇರುತ್ತೆ. ಹಳೇದನ್ನ ವಾಪಸ್ ಕೇಳೋ ಅವಶ್ಯಕತೆಯೇ ಇಲ್ಲ. ಅದಕ್ಕೇ ನಮ್ಮ ಅಭಿಪ್ರಾಯ: ಮೊದಲು ಸಿಡಿ ಕಳಿಸಿ, ಆಮೇಲೆ ಪ್ರಶ್ನೆ ಕೇಳಿ.

ಆದರೆ ಪ್ರಶ್ನೆ ಕೇಳಲೇಬೇಕು. ಗ್ರಾಹಕರನ್ನ ಅನುಮಾನಿಸೋಕಲ್ಲ, ತಪ್ಪು ಎಲ್ಲಿದೆ ಅಂತ ಹುಡುಕೋಕೆ. ಎಷ್ಟು ಪರ್ಸೆಂಟಿಗೆ ನಿಂತಿತು? ಯಾವ ಮೆಸೇಜ್ ಬಂತು? ಬೇರೆ ಕಂಪ್ಯೂಟರಲ್ಲಿ ನೋಡಿದ್ರಾ? ಸಿಡಿ ಮೇಲಿರೋ ಬ್ಯಾಚ್ ನಂಬರ್ ಎಷ್ಟು? ಒಂದು ನೋಟ್‌ಬುಕ್ಕಲ್ಲಿ ಇಷ್ಟನ್ನ ಗೆರೆ ಎಳೆದು ಬರೆದಿಟ್ಟಿದ್ದರೆ, 62 ಅನ್ನೋದು ಎರಡನೇ ಸಲ ಬಂದ ದಿನವೇ ಮಾಸ್ಟರ್ ತಪ್ಪು ಅಂತ ತಿಳೀತಿತ್ತು. ಅದೇ ಬ್ಯಾಚಿನ ಇನ್ನೊಂದು ಸಿಡಿಯನ್ನ ಅಕ್ಕನಿಗೆ ಕಳಿಸ್ತಿರಲಿಲ್ಲ. ಯೋಚನೆ ಮಾಡಿ, ಪತ್ರ ಬರೆಯದೆ ಸಿಡಿಯನ್ನ ಮೂಲೆಗೆಸೆದವರು ಎಷ್ಟು ಜನ ಇರಬಹುದು? ದೂರು ಕೊಟ್ಟವರು ಸಂಬಳ ಇಲ್ಲದೆ ನಿಮಗೋಸ್ಕರ ಟೆಸ್ಟಿಂಗ್ ಮಾಡಿದ ಹಾಗೆ.

ಇಂಥದ್ದರಲ್ಲಿ ದೊಡ್ಡವರೂ ಎಡವಿದ್ದಾರೆ. 1994ರಲ್ಲಿ ಇಂಟೆಲ್‌ನ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳನ್ನ ತಪ್ಪು ಮಾಡುತ್ತೆ ಅಂತ ಥಾಮಸ್ ನೈಸ್ಲಿ ಅನ್ನೋ ಗಣಿತದ ಪ್ರೊಫೆಸರ್ ಕಂಡುಹಿಡಿದರು. ಇಂಟೆಲ್ ಮೊದಲು, ಇದರಿಂದ ನಿಮಗೆ ತೊಂದರೆ ಆಗುತ್ತೆ ಅಂತ ತೋರಿಸಿದರೆ ಮಾತ್ರ ಬದಲಿ ಕೊಡ್ತೀವಿ ಅಂದಿತು. ಜನ ರೇಗಿದರು. ಡಿಸೆಂಬರಲ್ಲಿ ಕೇಳಿದವರಿಗೆಲ್ಲ ಕೊಡ್ತೀವಿ ಅಂತ ಒಪ್ಪಬೇಕಾಯಿತು. ಲೆಕ್ಕಕ್ಕೆ ಬಂದ ಖರ್ಚು 47.5 ಕೋಟಿ ಡಾಲರ್. ಇನ್ನೊಂದು ಕಡೆ, ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಪಿಡಿಒ ಫ್ಯಾಕ್ಟರಿಯಲ್ಲಿ 1988ರಿಂದ 1993ರ ನಡುವೆ ಮಾಡಿದ ಕೆಲವು ಹಾಡಿನ ಸಿಡಿಗಳು ಕಂಚಿನ ಬಣ್ಣಕ್ಕೆ ತಿರುಗಿ ಕೆಟ್ಟವು. ಕವರಿನ ಕಾಗದದಲ್ಲಿದ್ದ ಗಂಧಕವನ್ನ ಲ್ಯಾಕರ್ ತಡೆದಿರಲಿಲ್ಲ. ಫ್ಯಾಕ್ಟರಿ ತಪ್ಪು ಒಪ್ಪಿಕೊಂಡು ಎಷ್ಟೋ ವರ್ಷ ಬದಲಿ ಸಿಡಿ ಕೊಟ್ಟಿತು.

ಕಾನೂನು ಏನು ಹೇಳುತ್ತೆ?

ಸಾಫ್ಟ್‌ವೇರ್ ಅನ್ನೋದು ಕೈಗೆ ಸಿಗೋ ವಸ್ತುವಾ? ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಮಾರಾಟ ತೆರಿಗೆ ಕೇಸಲ್ಲಿ ಸುಪ್ರೀಂ ಕೋರ್ಟ್ 2004ರ ನವೆಂಬರಲ್ಲಿ, ಸಿಡಿಯಂಥ ಮಾಧ್ಯಮದಲ್ಲಿ ಹಾಕಿ ಮಾರುವ ರೆಡಿಮೇಡ್ ಸಾಫ್ಟ್‌ವೇರ್ ಸರಕೇ ಅಂತ ತೀರ್ಪು ಕೊಟ್ಟಿತು. ಸರಕಲ್ಲಿ ದೋಷ ಇದ್ದರೆ ಸರಿ ಮಾಡಿಸೋಕೆ, ಬದಲಿ ಅಥವಾ ಹಣ ವಾಪಸ್ ಕೊಡಿಸೋಕೆ 1986ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲೇ ದಾರಿ ಇತ್ತು. ಆದರೆ ಆಗ ಎದುರು ಪಾರ್ಟಿ ಇರೋ ಕಡೆ ಅಥವಾ ತಕರಾರು ಹುಟ್ಟಿದ ಕಡೆ ದೂರು ಹಾಕಬೇಕಿತ್ತು. ಜುಲೈ 2020ರಿಂದ ಜಾರಿಯಲ್ಲಿರೋ 2019ರ ಕಾಯ್ದೆಯಲ್ಲಿ ನಾವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು. ಮಾಸ್ತಿಕಟ್ಟೆಯವರಾದರೆ ಶಿವಮೊಗ್ಗದಲ್ಲಿ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಇನ್ನೂರು ರೂಪಾಯಿಗೆ ಕೇಸ್ ಹಾಕಿ ಅಂತ ನಾವು ಹೇಳ್ತಿಲ್ಲ. ದೂರು ಕೊಡೋದು ಭಿಕ್ಷೆ ಅಲ್ಲ, ಹಕ್ಕು ಅಂತ ಗೊತ್ತಿದ್ದರೆ ಸಾಕು.

ಈಗ ಸಿಡಿ ಇಲ್ಲವಲ್ಲ?

ಆ ಕಾಲದಲ್ಲೂ ಡೌನ್‌ಲೋಡ್ ದಾರಿ ಇತ್ತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಿಂದ ಇಂಟರ್ನೆಟ್ ಮೂಲಕವೇ ಜನರಿಗೆ ಸಿಕ್ಕಿತು. ಅದು ಸಣ್ಣ ಸಾಫ್ಟ್‌ವೇರ್. ಒಂದು ಸಿಡಿ ತುಂಬ ಪಾಠ, ಅಂದರೆ 650 ಎಂಬಿ, 56 ಕೆಬಿಪಿಎಸ್ ಡಯಲ್‌ಅಪ್ಪಲ್ಲಿ ಇಳಿಸೋಕೆ ಒಂದು ದಿನಕ್ಕಿಂತ ಜಾಸ್ತಿ ಬೇಕು, ಅದೂ ನಡುವೆ ಲೈನ್ ಹೋಗದಿದ್ದರೆ. ಮಾಸ್ತಿಕಟ್ಟೆಯ ಮಳೆಗಾಲದಲ್ಲಿ ಆಗೋ ಮಾತಲ್ಲ. ಅಲ್ಲಿಗೆ ಸಾಫ್ಟ್‌ವೇರ್ ತಲುಪಬೇಕು ಅಂದರೆ ಸಿಡಿಯೇ ಗತಿಯಾಗಿತ್ತು.

ಈಗ ತಟ್ಟೆ ಹೋಗಿದೆ, ದೂರು ಹೋಗಿಲ್ಲ. ಆ್ಯಪ್ ಕ್ರ್ಯಾಶ್ ಆಗುತ್ತೆ ಅಂತ ಯಾರಾದರೂ ಬರೆದರೆ ನಮ್ಮ ಬಾಯಲ್ಲಿ ಮೊದಲು ಬರೋ ಮಾತು ‘ನಮ್ಮ ಲ್ಯಾಪ್‌ಟಾಪಲ್ಲಿ ಸರಿಯಾಗೇ ಓಡ್ತಿದೆ’. ಕಳೆದ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಲ್ಲಿ ನಾವೂ ಜೂನಿಯರ್ ಒಬ್ಬನಿಗೆ ಹಾಗೇ ಅಂದಿದ್ವಿ. ನಿನ್ನ ಫೋನೇ ಸರಿ ಇಲ್ಲ ಅಂತ. ಅವನ ಮೆಸೇಜನ್ನ ಈಗ ಮತ್ತೆ ತೆಗೆದು ಓದಿದ್ವಿ. ಇಬ್ಬರ ಫೋನಲ್ಲಿ ನೋಡಿದೆ ಸರ್, ಒಂದೇ ಕಡೆ ನಿಲ್ಲುತ್ತೆ ಅಂತ ಬರೆದಿದ್ದ. ತಪ್ಪು ನಮ್ಮದೇ ಇತ್ತು. ಸರಿ ಮಾಡಿ, ಅವನಿಗೆ ತಪ್ಪು ನಮ್ಮದು ಅಂತ ಉತ್ತರ ಬರೆದ್ವಿ.

ಮನೇಲಿ ಹಳೇ ಸಾಫ್ಟ್‌ವೇರ್ ಸಿಡಿಗಳಿದ್ದರೆ ಎಸೀಬೇಡಿ. ಲೇಬಲ್ ಕಡೆ ಗೀರಬೇಡಿ, ಒಣ ಜಾಗದಲ್ಲಿಡಿ, ರಜೆ ಮುಗಿಸಿ ಬರುವಾಗ ಕ್ಲಬ್ಬಿಗೆ ತನ್ನಿ. ಡ್ರೈವ್ ಇನ್ನೂ ನಮ್ಮ ಹತ್ತಿರಾನೇ ಇದೆ. ಸೀನಿಯರ್ ಕೇಳೋವರೆಗೆ.